ಎಡ ಹೆಗಲಿಗೆ ಇಟ್ಟ ಹತ್ತಿ

ಹೆಗಲಿಗೆ ಇಡುವ ಹತ್ತಿಯ ಪ್ಯಾಡುಗಳು ಜೋಡಿಯಾಗಿಯೇ ಸಿಗುತ್ತವೆ. ಒಂದೇ ಸಾಕು ಎಂದರೆ ಯಾವ ಅಂಗಡಿಯವನೂ ಕೊಡುವುದಿಲ್ಲ. ಹಾಗಾಗಿ ನನ್ನ ಹೊಲಿಗೆ ಅಂಗಡಿಯಲ್ಲಿ, ಗುಂಡಿಗಳ ಬಾಟಲಿಗಳ ಹಿಂದೆ, ಒಂದು ಹಳೆಯ ಬಿಸ್ಕೀಟ್ ಡಬ್ಬಿಯಲ್ಲಿ ಒಂಟಿ ಪ್ಯಾಡುಗಳು ಉಳಿಯುತ್ತ ಹೋದವು. ಅವುಗಳ ಜೊತೆಯವೆಲ್ಲ ನನ್ನ ಮಗಳ ಎಡ ಹೆಗಲಿನ ಮೇಲೆ, ಬಟ್ಟೆಯ ಒಳಗೆ, ಯಾರಿಗೂ ಕಾಣದಂತೆ ಕೂತಿದ್ದವು. ಕೂರಿಸಿದವನು ನಾನು. ಏಳು ವರ್ಷ ಕೂರಿಸಿದೆ.

ಹಳಿಯಾಳದ ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವನು ನಾನು. ಕೆಲಸ ಕಲಿತದ್ದು ದಾಂಡೇಲಿಯಲ್ಲಿ, ಅಪ್ಪನ ಕೈಕೆಳಗೆ. ಅಪ್ಪ ಕೋಟು ಹೊಲಿಯುತ್ತಿದ್ದ. ಮಿಲ್ಲಿನ ಸಾಹೇಬರು ಮದುವೆ ಮುಂಜಿಗೆಂದು ಅವನ ಹತ್ತಿರವೇ ಬರುತ್ತಿದ್ದರು. ಮನುಷ್ಯನ ಎರಡು ಹೆಗಲು ಒಂದೇ ಸಮ ಇರುವುದು ಅಪರೂಪ. ಯಾರದೋ ಎಡ ಇಳಿದಿರುತ್ತದೆ, ಯಾರದೋ ಬಲ. ಇಳಿದ ಕಡೆ ಒಂದು ಪದರ ಹೆಚ್ಚು ಹತ್ತಿ ಇಟ್ಟು ಹೊಲಿದರೆ ಕನ್ನಡಿಯಲ್ಲಿ ಆತ ನೆಟ್ಟಗೆ ಕಾಣುತ್ತಾನೆ. ಹಾಗೆ ಇಟ್ಟದ್ದನ್ನು ಗಿರಾಕಿಗೆ ಹೇಳುವಂತಿಲ್ಲ. ಟೇಪು ಹಿಡಿದಾಗ ಗೊತ್ತಾದ ಮೈಯ ಊನವನ್ನು ಬಾಯಿಬಿಟ್ಟು ಹೇಳುವ ಟೇಲರ್ ಟೇಲರೇ ಅಲ್ಲ ಎಂದು ಅಪ್ಪ ಗದರುತ್ತಿದ್ದ. ಅಳತೆ ಬುಕ್ಕಿನಲ್ಲಿ ಅದಕ್ಕೊಂದು ಗುರುತು ಮಾತ್ರ ಇರುತ್ತಿತ್ತು: ಕೆಳಮುಖದ ಪುಟ್ಟ ಗೀಟು, ಅದರ ಪಕ್ಕದಲ್ಲಿ ಕಾಲಿಂಚೋ ಅರ್ಧ ಇಂಚೋ. ನಮ್ಮಿಬ್ಬರಿಗೆ ಬಿಟ್ಟರೆ ಆ ಗೀಟು ಇನ್ನಾರಿಗೂ ಅರ್ಥವಾಗುತ್ತಿರಲಿಲ್ಲ.

ಇದನ್ನು ನಾನು ಬಹಳ ದೊಡ್ಡ ಮರ್ಯಾದೆ ಎಂದುಕೊಂಡಿದ್ದೆ. ಬೇರೆಯವರ ವಿಷಯದಲ್ಲಿ ಅದು ಮರ್ಯಾದೆಯೇ ಇರಬಹುದು.

ಮಗಳು ಏಳನೆಯ ತರಗತಿಗೆ ಹೋಗುವ ವರ್ಷ, ಜೂನ್ ತಿಂಗಳಲ್ಲಿ, ಯೂನಿಫಾರ್ಮಿನ ಅಳತೆ ತೆಗೆದುಕೊಂಡೆ. ಹೆಗಲಿನಿಂದ ಸೊಂಟದವರೆಗೆ ಬಲಕ್ಕಿಂತ ಎಡ ಕಾಲಿಂಚು ಕಡಿಮೆ ಬಂತು. ಒಂದು ಹೆಗಲಿಗೆ ಪಾಟೀಚೀಲ ನೇತುಹಾಕಿಕೊಂಡು ಓಡಾಡುವ ಹುಡುಗಿ, ಇನ್ನೇನಾಗುತ್ತದೆ ಎಂದುಕೊಂಡೆ. ಬುಕ್ಕಿನಲ್ಲಿ ಗೀಟು ಎಳೆದು ಕಾಲಿಂಚು ಎಂದು ಬರೆದೆ. ಕಾಲರಿಗೆ ಹಾಕುವ ಗಟ್ಟಿ ಬಟ್ಟೆ, ಬಕ್ರಮ್ಮಿನ ಎರಡು ಪದರ ಕೊಟ್ಟು ಹೊಲಿದೆ. ಹಾಕಿಕೊಂಡು ಬಂದಾಗ ಚೆನ್ನಾಗಿಯೇ ಕಂಡಳು. ನನ್ನ ಕೈಕೆಲಸಕ್ಕೆ ನಾನೇ ತಲೆದೂಗಿದೆ.

ಆ ದೀಪಾವಳಿಗೆ ಹೆಂಡತಿ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ನಾನು ಅಂಗಡಿಯಲ್ಲಿದ್ದೆ. ಹಬ್ಬದ ಹೊತ್ತು, ಟೇಬಲ್ ಮೇಲೆ ಬ್ಲೌಸುಗಳ ರಾಶಿ. ನಮ್ಮ ಮನೆ ಅಂಗಡಿಯ ಹಿಂದೆಯೇ ಇದೆ. ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಹುಡುಗಿ ಬೆನ್ನ ಒಂದ ಕಡೆ ಉಬ್ಬೇತ್ರಿ. ರೆಕ್ಕಿ ಎಲುಬು ಹೊರಗ ಬಂದಂಗ ಕಾಣ್ತೇತಿ. ಒಮ್ಮೆ ಡಾಕ್ಟರಿಗೆ ತೋರ್ಸೂಣು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹಬ್ಬದ ದಿನಗಳಲ್ಲಂತೂ ಇನ್ನೂ ಮುಂದೆ ಬಂದಿರುತ್ತದೆ. ಊರಿನ ಅರ್ಧ ಹೆಂಗಸರ ಅಳತೆ ನನ್ನ ಬುಕ್ಕಿನಲ್ಲಿದೆ, ಬೆನ್ನುಗಳ ವಿಷಯ ನನಗೆ ಹೇಳಲು ಬರಬೇಡ ಎಂದೆ. ಎಲ್ಲರ ಮೈಯೂ ಒಂದಿಷ್ಟು ವಾಲಿಯೇ ಇರುತ್ತದೆ, ಬೆಳೆಯುವ ಹುಡುಗಿ, ತಾನೇ ಸರಿಹೋಗುತ್ತದೆ ಎಂದೆ. ಅವಳು ಇನ್ನೂ ಏನೋ ಹೇಳಬೇಕೆಂದಿದ್ದಳು. ನಾನು ಮಶೀನು ಓಡಿಸತೊಡಗಿದೆ. ಆ ಸದ್ದಿನಲ್ಲಿ ಮಾತಾಡುವುದಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಈಗ ಆ ಒಂದು ಗಳಿಗೆ ವಾಪಸ್ ಸಿಗುವುದಾದರೆ ಆ ಮಶೀನನ್ನು ಎತ್ತಿ ರಸ್ತೆಗೆ ಎಸೆಯುತ್ತೇನೆ. ಆದರೆ ಅಂದು ಆ ಬ್ಲೌಸಿನ ಕಂಕುಳ ಹೊಲಿಗೆಯನ್ನು ಬಹಳ ಚೊಕ್ಕವಾಗಿ ಮುಗಿಸಿದೆ.

ಮುಂದಿನ ಜೂನಿನಲ್ಲಿ ಕಾಲಿಂಚು ಅರ್ಧ ಇಂಚಾಯಿತು. ಬಕ್ರಮ್ ಸಾಲದೆ ಹುಬ್ಬಳ್ಳಿಯಿಂದ ಕೋಟಿನ ಪ್ಯಾಡು ತರಿಸಿದೆ. ಅದರ ಮುಂದಿನ ವರ್ಷ ಮುಕ್ಕಾಲು. ಸೊಂಟ ಒಂದು ಕಡೆ ಒಳಸೇರಿ ಇನ್ನೊಂದು ಕಡೆ ತುಂಬಿಕೊಂಡಿತು. ಬಟ್ಟೆಯ ಅಂಚು ಒಂದು ಕಡೆ ಮೇಲೇಳತೊಡಗಿತು. ಅದಕ್ಕೂ ಉಪಾಯವಿತ್ತು. ಎಡ ಬಲ ಬೇರೆಬೇರೆ ಕತ್ತರಿಸಿ, ಪ್ಯಾಡಿನ ಅಂಚನ್ನು ತೆಳುವಾಗಿ ಸವರಿ, ನೆರಿಗೆ ಕೊಟ್ಟು ಕೂರಿಸಿದರೆ ದರ್ಜಿಯ ಕಣ್ಣಿಗೂ ಸಿಕ್ಕುತ್ತಿರಲಿಲ್ಲ. ಆ ಹುಡುಗಿಗೆ ಹೊಲಿದಷ್ಟು ಜಾಣತನದಿಂದ ನಾನು ಯಾವ ಮದುಮಗಳಿಗೂ ಹೊಲಿದಿಲ್ಲ.

ಶಾಲೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಕಂಡರೆ ತಾನೇ? ಜೋಯಿಡಾದಲ್ಲಿ ನನ್ನ ಭಾವಮೈದುನನ ಮಗಳ ಮದುವೆಗೆ ಹೋದಾಗ, ನಿನ್ನ ಮಗಳ ನಿಲುವು ಎಷ್ಟು ಚೆಂದ, ಡ್ರೆಸ್ಸು ಎಷ್ಟು ನೆಟ್ಟಗೆ ಇಳಿದಿದೆ ಎಂದು ಬೀಗರ ಕಡೆಯ ಹೆಂಗಸರು ಹೊಗಳಿದರು. ನನ್ನ ಎದೆ ಉಬ್ಬಿತು. ಮಗಳು ಮಾತ್ರ ಕೈಯಲ್ಲಿ ಊಟದ ತಟ್ಟೆ ಹಿಡಿದು ಮಂಟಪದ ಕಂಬಕ್ಕೆ ಒರಗಿ ನಿಂತಿದ್ದಳು. ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ. ಆ ಕಂಬ ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತದೆ. ಅಂದು ಅದಕ್ಕೆ ಸುತ್ತಿದ ಬಟ್ಟೆಯ ಬಣ್ಣವನ್ನು ನೋಡಿದೆನೇ ಹೊರತು ಒರಗಿದವಳನ್ನು ನೋಡಲಿಲ್ಲ.

ಕಾಲೇಜಿಗೆ ಸೇರಿದ ಮೇಲೆ ಅವಳು ಮನೆಗೆ ಬಂದವಳೇ ನೆಲದ ಮೇಲೆ ಚಾಪೆಯನ್ನೂ ಹಾಸದೆ ಅಂಗಾತ ಮಲಗಿಬಿಡುತ್ತಿದ್ದಳು. ಮೊದಲು ಸಂಜೆ ನನ್ನ ಪಕ್ಕ ಕೂತು ಹುಕ್ಕು ಹಚ್ಚುತ್ತಿದ್ದವಳು ಅದನ್ನು ಬಿಟ್ಟಳು. ಸುಸ್ತು ಎನ್ನುತ್ತಿದ್ದಳು. ಹತ್ತೊಂಬತ್ತಕ್ಕೇ ಮುದುಕಿಯಾದೆಯಾ ಎಂದು ನಾನು ಗೇಲಿ ಮಾಡುತ್ತಿದ್ದೆ. ಕಿಟಕಿಯಿಂದ ನೋಡಿ ಆಗಾಗ ನೆಟ್ಟಗೆ ನಿಲ್ಲು ಎಂದು ಕೂಗುತ್ತಿದ್ದೆ. ಅವಳು ಒಂದು ಕ್ಷಣ ಉಸಿರು ಬಿಗಿಹಿಡಿದು ನೆಟ್ಟಗಾಗುತ್ತಿದ್ದಳು, ನಾನು ತಲೆ ತಿರುಗಿಸಿದ ಕೂಡಲೇ ಮತ್ತೆ ಮೊದಲಿನಂತೆ. ಮೊಂಡುತನ ಎಂದುಕೊಂಡೆ. ಮೊಂಡನ ಮಗಳಲ್ಲವೇ ಎಂದು ಹೆಂಡತಿಯ ಮುಂದೆ ನಗೆಯನ್ನೂ ಆಡಿದೆ. ಅವಳು ನಗಲಿಲ್ಲ.

ಇದನ್ನು ಹೊರಗೆ ಎಳೆದವಳು ಸಿದ್ದಿ ಜನಾಂಗದ ಒಬ್ಬ ಹೆಂಗಸು. ಹಳಿಯಾಳದ ಹತ್ತಿರದ ಹಳ್ಳಿಯವಳು, ಕೌದಿ ಹೊಲಿಯುತ್ತಾಳೆ. ಸಂತೆಯ ದಿನ ನನ್ನ ಅಂಗಡಿಗೆ ಬಂದು, ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗುವುದು ಅವಳ ರೂಢಿ. ಟೇಬಲ್ಲಿನ ಕೆಳಗೆ ಕೂತು ತುಂಡುಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುವಾಗ ಅವಳ ಬಾಯಿ ಸುಮ್ಮನಿರುವುದಿಲ್ಲ. ಅವತ್ತು ಬಿಳಿಯ ತುಂಡು ಹುಡುಕುತ್ತ ಬಿಸ್ಕೀಟ್ ಡಬ್ಬಿಯನ್ನು ತೆಗೆದಳು. ಒಳಗಿದ್ದ ಪ್ಯಾಡುಗಳನ್ನು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಇಟ್ಟಳು. ತೆಳ್ಳಗಿನದು, ಸ್ವಲ್ಪ ದಪ್ಪ, ಇನ್ನೂ ದಪ್ಪ.

"ಮಾಸ್ತರ್ರ, ಇವುಕ್ಕ ಜೋಡಿ ಎಲ್ಲೈತ್ರಿ?"

ಕೆಲಸಕ್ಕೆ ಬಾರದವು, ಬೇಕಾದರೆ ತೆಗೆದುಕೊಂಡು ಹೋಗು ಎಂದೆ. ಅವಳು ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಕಾಲೇಜಿನಿಂದ ಬಂದ ಮಗಳು ಅಂಗಡಿ ದಾಟಿ ಒಳಗೆ ಹೋದಳು. ಆ ಹೆಂಗಸು ಅವಳ ನಡಿಗೆಯನ್ನು ನೋಡಿದಳು, ಪ್ಯಾಡುಗಳನ್ನು ನೋಡಿದಳು, ಎದ್ದು ಹಿಂದೆಯೇ ಒಳಗೆ ಹೋದಳು. ಸ್ವಲ್ಪ ಹೊತ್ತಿನ ನಂತರ ಹೆಂಡತಿ ನನ್ನನ್ನು ಕರೆದಳು. ಅಡುಗೆಮನೆಯಲ್ಲಿ ಮಗಳು ತೆಳುವಾದ ಹಳೆಯ ಅಂಗಿಯಲ್ಲಿ, ಕಾಲು ಜೋಡಿಸಿ, ಕೈಗಳನ್ನು ಇಳಿಬಿಟ್ಟು ಮುಂದಕ್ಕೆ ಬಗ್ಗಿ ನಿಂತಿದ್ದಳು. ಬೆನ್ನಿನ ಬಲಭಾಗ ಅಂಗಿಯ ಕೆಳಗೆ ದಿಬ್ಬದಂತೆ ಎದ್ದಿತ್ತು, ಎಡಭಾಗ ತಗ್ಗು. ಅಷ್ಟು ವರ್ಷ ಅವಳನ್ನು ಅಳೆದ ನಾನು ಒಂದು ಸಲವೂ ಬಗ್ಗು ಎಂದಿರಲಿಲ್ಲ. ಟೇಲರ್ ಹತ್ತಿರ ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ.

"ಇದು ಹೆಗಲಿಂದಲ್ರಿ, ಬೆನ್ನಿಂದ ಐತಿ," ಎಂದಳು ಆ ಹೆಂಗಸು. "ನಮ್ಮಕ್ಕನ ಮಗಳಿಗೂ ಹಿಂಗ ಇತ್ತು. ಆಕಿಗೆ ಲಗೂನ ತೋರ್ಸಿದ್ವಿ, ಬೆನ್ನಿಗೆ ಬಿಗಿಯೂ ಪಟ್ಟಾ ಕೊಟ್ಟಿದ್ರು."

ನಾನು ಅವಳ ಮೇಲೆಯೇ ರೇಗಿದೆ. ಕರೆಯದೆ ಒಳಗೆ ಬಂದದ್ದಕ್ಕೆ, ಡಬ್ಬಿ ತೆಗೆದದ್ದಕ್ಕೆ, ಇನ್ನೂ ಏನೇನಕ್ಕೋ ಬೈದೆ. ಅವಳು ವಿಂಗಡಿಸಿಟ್ಟ ತುಂಡುಗಳನ್ನು ಅಲ್ಲಿಯೇ ಬಿಟ್ಟು, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ನನಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಭಯ.

ಹುಬ್ಬಳ್ಳಿಯಲ್ಲಿ ಎಕ್ಸರೇ ತೆಗೆಸಿದೆವು. ಡಾಕ್ಟರರು ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ನಾನು ನೋಡಿದ್ದು ಒಬ್ಬ ಹುಡುಗಿಯ ಬೆನ್ನುಮೂಳೆ ಒಂದು ಕಡೆ ಬಾಗಿ, ಕೆಳಗೆ ಇನ್ನೊಂದು ಕಡೆ ತಿರುಗಿ ಇಳಿದದ್ದನ್ನು. ಇದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ ಎಂದರು. ಮೂಳೆ ಬಾಗುವುದಷ್ಟೇ ಅಲ್ಲ, ಹಗ್ಗ ಹೊಸೆದಂತೆ ತಿರುಚಿಕೊಳ್ಳುತ್ತದೆ, ಅದಕ್ಕೇ ಪಕ್ಕೆಲುಬು ಹಿಂದಕ್ಕೆ ಉಬ್ಬುತ್ತದೆ ಎಂದು ಹೇಳಿದರು. ಪಾಟೀಚೀಲದಿಂದ ಬಂದದ್ದಲ್ಲ, ಕೂರುವ ರೀತಿಯಿಂದ ಬಂದದ್ದೂ ಅಲ್ಲ. ಬೆಳೆಯುವ ವಯಸ್ಸಿನಲ್ಲಿ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಯಾಕೆ ಎಂದು ಹೇಳಲು ಬರುವುದಿಲ್ಲ. ಬಂದದ್ದಕ್ಕೆ ಯಾರ ತಪ್ಪೂ ಇಲ್ಲ ಎಂದರು. ಹೆಂಡತಿ ಆ ಮಾತಿಗೆ ಉಸಿರು ಬಿಟ್ಟಳು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಮೂಳೆ ಬೆಳೆಯುತ್ತಿರುವಾಗ ಸಿಕ್ಕಿದ್ದರೆ ಪಟ್ಟಾ ಹಾಕಿ ಇನ್ನಷ್ಟು ಬಾಗದಂತೆ ತಡೆಯಬಹುದಿತ್ತು, ಈಗ ಬೆಳವಣಿಗೆ ನಿಂತಿದೆ, ಪಟ್ಟಾದಿಂದ ಆ ಪ್ರಯೋಜನ ಇಲ್ಲ ಎಂದರು. ಆಪರೇಷನ್ ಮಾಡುವಷ್ಟು ಬಾಗಿಲ್ಲ. ನೋವನ್ನು ಕಡಿಮೆ ಮಾಡಬಹುದು, ಅದಕ್ಕೆ ದಿನವೂ ವ್ಯಾಯಾಮ ಬೇಕು.

ಮೊದಲ ಸಲ ಯಾವಾಗ ಗಮನಕ್ಕೆ ಬಂತು ಎಂದು ಅವರು ಕೇಳಿದರು. ಹೆಂಡತಿ ನನ್ನ ಮುಖ ನೋಡಿದಳು. ಇತ್ತೀಚೆಗೆ, ಒಂದು ತಿಂಗಳಾಗಿರಬಹುದು ಎಂದೆ. ಮಗಳು ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರರು ಹಾಗೆಯೇ ಬರೆದುಕೊಂಡರು.

ವ್ಯಾಯಾಮ ಕಲಿಸುವವರು ಮುಂಡಗೋಡದಲ್ಲಿ ಸಿಕ್ಕರು. ಪಾಳಾ ಕಡೆಯ ಹೆಣ್ಣುಮಗಳು, ಟಿಬೆಟನ್ ಕಾಲೊನಿಗೆ ಹೋಗುವ ದಾರಿಯಲ್ಲಿ ಒಂದು ಕೋಣೆ ಇಟ್ಟುಕೊಂಡಿದ್ದರು. ಗೋಡೆಗೆ ಒಂದು ಆಳೆತ್ತರದ ಕನ್ನಡಿ, ನೆಲಕ್ಕೆ ಚಾಪೆ, ಮೂಲೆಯಲ್ಲಿ ಸುರುಳಿ ಸುತ್ತಿದ ಟವೆಲುಗಳು. ಮೊದಲ ದಿನ ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಹೆಗಲಿನ ಮೇಲೆ ಕೈಯಿಟ್ಟವರು ಅಲ್ಲಿಯೇ ನಿಂತರು. ಬೆರಳಿನಿಂದ ಪ್ಯಾಡನ್ನು ಒತ್ತಿ ನೋಡಿದರು.

"ಇದನ್ನ ಯಾರು ಹೊಲದಾರೋ, ಭಾಳ ಶಾಣ್ಯಾ ಅದಾರ," ಎಂದರು. "ಆದರ ಈಕಿಗೆ ತನ್ನ ಮೈ ಹೆಂಗೈತಿ ಅಂತ ಕನ್ನಡ್ಯಾಗ ಕಾಣಬೇಕ್ರಿ. ಕಾಣಲಿಲ್ಲಂದ್ರ ತಿದ್ದಿಕೊಳ್ಳೂದು ಹೆಂಗ?"

ಜೀವನದಲ್ಲಿ ನನ್ನ ಕೈಕೆಲಸಕ್ಕೆ ಸಿಕ್ಕ ಹೊಗಳಿಕೆಗಳಲ್ಲಿ ಅದೊಂದು ಮಾತ್ರ ನನಗೆ ಮರೆಯಲು ಆಗಿಲ್ಲ. ಅವಳ ಡ್ರೆಸ್ಸಿನ ಹೊಲಿಗೆಯನ್ನು ನಾನೇ ಬ್ಲೇಡಿನಿಂದ ಬಿಚ್ಚಿ ಪ್ಯಾಡು ತೆಗೆದೆ. ಎಡಗಡೆಯ ಬಟ್ಟೆ ಸೊಟ್ಟಗೆ ಜೋತುಬಿತ್ತು. ಮಗಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ನಾನು ಟವೆಲುಗಳ ಕಡೆ ನೋಡಿದೆ.

ಅವರು ಕಲಿಸಿದ್ದು ಕಷ್ಟದ ಕಸರತ್ತೇನಲ್ಲ. ತಗ್ಗಾದ ಕಡೆ ಉಸಿರು ತುಂಬಿಕೊಳ್ಳುವುದು, ಪಕ್ಕೆಯ ಕೆಳಗೆ ಟವೆಲಿನ ಸುರುಳಿ ಇಟ್ಟು ಮಲಗುವುದು, ಗೋಡೆ ಹಿಡಿದು ಬೆನ್ನನ್ನು ಮೇಲಕ್ಕೆ ಉದ್ದ ಮಾಡುವುದು, ಹೊಟ್ಟೆ ಬೆನ್ನಿನ ಮಾಂಸಖಂಡಗಳಿಗೆ ಬಲ ಕೊಡುವುದು. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರಬಾರದು, ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ನೋವು ಹೆಚ್ಚಾದರೆ ಬಿಸಿನೀರಿನ ಚೀಲ. ಬಾಗಿದ ಮೂಳೆ ಇದರಿಂದ ನೆಟ್ಟಗಾಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅದನ್ನು ಹೊತ್ತು ದಣಿದ ಮಾಂಸಖಂಡಗಳಿಗೆ ಬಲ ಬಂದರೆ ನೋವು ಹಿಂದೆ ಸರಿಯುತ್ತದೆ. ನನ್ನ ಕಡೆ ತಿರುಗಿ, ನೆಟ್ಟಗೆ ನಿಲ್ಲು ಎಂದು ಇನ್ನು ಮೇಲೆ ಬೈಯಬೇಡಿ, ಅವಳ ಮಟ್ಟಿಗೆ ಅವಳು ನೆಟ್ಟಗೇ ನಿಂತಿದ್ದಾಳೆ ಎಂದರು. ನಾನು ಬೈಯುವ ಸುದ್ದಿಯನ್ನು ಅವರಿಗೆ ಯಾರು ಹೇಳಿದರೋ.

ಮೂರು ವಾರ ಹೀಗೇ ನಡೆಯಿತು. ಹಳಿಯಾಳದಿಂದ ಕಲಘಟಗಿ, ಅಲ್ಲಿ ಬಸ್ಸು ಬದಲಿಸಿ ಮುಂಡಗೋಡ. ಮೂರನೆಯ ವಾರ ಆಕೆ ಒಂದು ಪ್ರಶ್ನೆ ಕೇಳಿದರು. ಹಳೆಯ ಎಕ್ಸರೇ ಏನಾದರೂ ಇದೆಯೇ? ಅಥವಾ ಹಳೆಯ ಫೋಟೋ? ಈ ಬಾಗು ಇನ್ನೂ ಹೆಚ್ಚುತ್ತಿದೆಯೋ ನಿಂತಿದೆಯೋ ತಿಳಿಯಲು ಹಿಂದಿನದೊಂದು ಗುರುತು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಆರು ತಿಂಗಳು ಬಿಟ್ಟು ಮತ್ತೆ ಎಕ್ಸರೇ ತೆಗೆಯುವವರೆಗೆ ಕಾಯಬೇಕು ಎಂದರು. ಏನೂ ಇಲ್ಲ ಎಂದು ಹೆಂಡತಿ ಹೇಳಿದಳು. ನಾನು ಚಪ್ಪಲಿ ಮೆಟ್ಟಿಕೊಳ್ಳುವ ನೆಪದಲ್ಲಿ ಹೊರಗೆ ಬಂದೆ.

ಗುರುತು ಇತ್ತು. ಏಳು ವರ್ಷದ ಗುರುತು ನನ್ನ ಕೈಬರಹದಲ್ಲಿ, ತಾರೀಖಿನ ಸಮೇತ, ಟೇಬಲ್ಲಿನ ಖಾನೆಯಲ್ಲಿತ್ತು. ಅದನ್ನು ಕೊಟ್ಟರೆ ಮಗಳ ಬೆನ್ನು ಇನ್ನೂ ಬಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಜೊತೆಗೆ ಅವಳ ಅಪ್ಪನಿಗೆ ಯಾವಾಗಿನಿಂದ ಗೊತ್ತಿತ್ತು ಎಂಬುದೂ ತಿಳಿಯುತ್ತದೆ. ಆ ವಾರವೆಲ್ಲ ನನ್ನ ಕತ್ತರಿ ಗೆರೆ ತಪ್ಪಿತು. ಒಬ್ಬರ ಬ್ಲೌಸಿಗೆ ಇನ್ನೊಬ್ಬರ ತೋಳು ಹಚ್ಚಿದೆ. ಆ ಬುಕ್ಕನ್ನು ಒಲೆಗೆ ಹಾಕಿಬಿಡಲೇ ಎಂಬ ಯೋಚನೆಯೂ ಬಂತು, ಬರೆಯಲು ನಾಚಿಕೆಯಾದರೂ ಬರೆಯುತ್ತಿದ್ದೇನೆ. ಹಾಕಲಿಲ್ಲ. ಅದನ್ನು ಒಂದು ಬಟ್ಟೆಯಲ್ಲಿ ಸುತ್ತಿ ಮುಂದಿನ ಸಲ ಮುಂಡಗೋಡಕ್ಕೆ ಒಯ್ದೆ. ಅವತ್ತು ಹೆಂಡತಿ ಬಂದಿರಲಿಲ್ಲ, ನಾವಿಬ್ಬರೇ.

ಗೀಟು ಅಂದರೆ ಏನು ಎಂದು ಆಕೆಗೆ ನಾನೇ ವಿವರಿಸಿದೆ. ಯಾರಿಗೂ ಹೇಳಬಾರದೆಂದು ಅಪ್ಪ ಕಲಿಸಿದ್ದನ್ನು ಐವತ್ತರ ವಯಸ್ಸಿನಲ್ಲಿ ಮೊದಲ ಸಲ ಬಾಯಿಬಿಟ್ಟೆ. ಆಕೆ ಒಂದೊಂದೇ ಹಾಳೆ ತಿರುವಿ, ಬೇರೆ ಕಾಗದದ ಮೇಲೆ ಬರೆದುಕೊಂಡರು. ಕಾಲು, ಅರ್ಧ, ಮುಕ್ಕಾಲು, ಮುಕ್ಕಾಲಿನ ಮೇಲೊಂದು ಚೂರು, ಒಂದು. ಕಡೆಯ ಎರಡು ವರ್ಷವೂ ಒಂದೇ ಇಂಚು. ಆಕೆಯ ಮುಖ ಅರಳಿತು. ಎಕ್ಸರೇ ತೆಗೆದೇ ಖಾತ್ರಿ ಮಾಡಿಕೊಳ್ಳಬೇಕು, ಆದರೂ ಇದು ನಿಂತಂತೆ ಕಾಣುತ್ತದೆ, ಒಳ್ಳೆಯ ಸುದ್ದಿ ಎಂದರು. ನನ್ನ ಕಣ್ಣು ತುಂಬಿಬಂತು. ಮಗಳು ಆ ಬುಕ್ಕನ್ನು ಕೈಗೆ ತೆಗೆದುಕೊಂಡು ತನ್ನ ಮೊದಲ ಅಳತೆಯ ಹಾಳೆಯನ್ನು ನೋಡುತ್ತಿದ್ದಳು. ಏಳನೆಯ ತರಗತಿ, ಜೂನ್, ಕೆಳಮುಖದ ಗೀಟು.

ಆಮೇಲೆ ಅವಳು ಬುಕ್ಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಬಸ್ಸು ಹತ್ತಿದೆವು. ಕಿಟಕಿಯ ಹೊರಗೆ ಗೋವಿನಜೋಳದ ಹೊಲಗಳು, ಅವುಗಳ ನಡುವಿನ ಹಾದಿಯಲ್ಲಿ ಕೆಂಪು ನಿಲುವಂಗಿಯ ಇಬ್ಬರು ಸನ್ಯಾಸಿಗಳು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ತಡಸ ದಾಟುವವರೆಗೆ ನಾನು ಮಾತು ಜೋಡಿಸಿದೆ. ಕಡೆಗೆ, ಜೋಡಿಸಿದ್ದೆಲ್ಲ ಮರೆತು, ತಪ್ಪಾಯಿತು, ನನಗೆ ಮೊದಲಿನಿಂದ ಗೊತ್ತಿತ್ತು ಎಂದಷ್ಟೇ ಹೇಳಿದೆ.

"ನನಗೂ ಗೊತ್ತಿತ್ತಪ್ಪಾ," ಎಂದಳು. "ಹೊಸಾ ಡ್ರೆಸ್ ಕೊಟ್ಟಾಗೆಲ್ಲ ಹೆಗಲ ಮ್ಯಾಲ ಬೆರಳ ಒತ್ತಿ ನೋಡ್ತಿದ್ದೆ. ವರ್ಷಾ ವರ್ಷಾ ದಪ್ಪ ಆಗ್ತಿತ್ತು."

ಮತ್ತೆ ಯಾಕೆ ಹೇಳಲಿಲ್ಲ, ನೋವಾಗುತ್ತದೆ ಎಂದಾದರೂ ಹೇಳಬಾರದಿತ್ತೇ ಎಂದೆ. ಕೇಳುವಾಗ ನನ್ನ ದನಿಯಲ್ಲಿ ಹಳೆಯ ಸಿಟ್ಟೇ ಇತ್ತು. ಅದು ಯಾರ ಮೇಲೆ ಎಂದು ಅವಳಿಗೆ ಗೊತ್ತಾಗಿರಬೇಕು, ಬೇಸರ ಮಾಡಿಕೊಳ್ಳಲಿಲ್ಲ.

"ನೀ ಅಷ್ಟು ಕಷ್ಟಪಟ್ಟು ಮುಚ್ಚತಿದ್ದಿ. ನಿನಗ ನಾಚಿಕಿ ಆಗ್ತೈತಿ ಅಂತ ತಿಳದಿದ್ದೆ. ಅದಕ್ಕ ನೋವನ್ನ ನಾನೂ ಮುಚ್ಚಿದೆ."

ನಾಚಿಕೆಯಲ್ಲ, ಹೆಮ್ಮೆ ಎಂದು ಹೇಳಬಹುದಿತ್ತು. ಅದು ಇನ್ನೂ ಕೆಟ್ಟದ್ದು. ಅವಳು ಕೈಗಡಿಯಾರ ನೋಡಿಕೊಂಡು ಎದ್ದು ನಿಂತಳು. ಕೂತು ಅರ್ಧ ಗಂಟೆಯಾಗಿತ್ತು. ಒಂದು ಕೈಯಲ್ಲಿ ಮೇಲಿನ ಸಲಾಕೆ ಹಿಡಿದು, ಕಲಿಸಿಕೊಟ್ಟಂತೆ ಎಡಗಡೆಗೆ ಉಸಿರು ತುಂಬಿಕೊಳ್ಳತೊಡಗಿದಳು. ಪ್ಯಾಡು ಇಲ್ಲದ ಹೆಗಲಿನ ಮೇಲೆ ಬಟ್ಟೆ ಜಾರಿ ನೆರಿಗೆಗಟ್ಟಿತ್ತು. ನಾನೂ ಎದ್ದು ಅವಳ ಪಕ್ಕ ನಿಂತೆ.

ಬಸ್ಸು ಅರ್ಧಕ್ಕರ್ಧ ಖಾಲಿ ಇತ್ತು. ಕಂಡಕ್ಟರ್ ಬಂದು, ಇಷ್ಟು ಸೀಟು ಇವೆ, ಅಪ್ಪ ಮಗಳು ಯಾಕೆ ನಿಂತಿದ್ದೀರಿ, ಕೂತುಕೊಳ್ಳಿ ಎಂದ. ಮಗಳಿಗೆ ಬೆನ್ನು ನೋವು, ಕೂರುವುದಾಗುವುದಿಲ್ಲ ಎಂದು ನಾನು ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ. ಕಲಘಟಗಿಯವರೆಗೆ ಇಬ್ಬರೂ ನಿಂತೇ ಬಂದೆವು.